ದೇವರು ಕೊಟ್ಟ ಹೂ, ಗುತ್ಯಪ್ಪ ಕಾಸಿದ ಚಾ

ಇವತ್ತು ಬರುವ ನೆಂಟರಿಗೆ ಚಾ ಮಾಡುವವನು ತಾನೇ ಎಂದು ಗುತ್ಯಪ್ಪ ಬೆಳಿಗ್ಗೆ ಹಲ್ಲುಜ್ಜುವಾಗಲೇ ಘೋಷಿಸಿದ. ಬಾಯಲ್ಲಿ ಬೇವಿನ ಕಡ್ಡಿ ಇದ್ದುದರಿಂದ ಘೋಷಣೆ ಅರ್ಧ ಮಾತ್ರ ಕೇಳಿಸಿತು. ಕೇಳಿಸಿದ ಅರ್ಧವೇ ಅವನ ಹೆಂಡತಿ ಲೋಕಮ್ಮನಿಗೆ ಸಾಕಾಗಿತ್ತು.

"ಒಲಿ ಕಡಿಗೆ ಬರಬ್ಯಾಡ್ರಿ. ಬಂದವ್ರಿಗೆ ನಾನು ಕಾಫಿ ಮಾಡ್ತೀನಿ. ನೀವು ಚಾಪಿ ಹಾಸ್ರಿ, ಸಾಕು."

"ಕಾಫಿ ಎಲ್ಲಾರ ಮನ್ಯಾಗೂ ಕುಡೀತಾರೆ ಕಣೆ. ನಮ್ಮನ್ಯಾಗ ಹೂವಿನ ಚಾ ಕುಡಿದು ಹೋಗ್ಲಿ. ಮೊಮ್ಮಕ್ಕಳಾದ ಮ್ಯಾಲೂ ನೆನಸ್ಕೊಂತಾರೆ."

ಗುತ್ಯಪ್ಪ ತನ್ನ ಜೀವಮಾನದಲ್ಲಿ ಆಡಿದ ಮಾತುಗಳಲ್ಲಿ ಅಕ್ಷರಶಃ ನಿಜವಾದದ್ದು ಇದೊಂದೇ ಇರಬೇಕು. ಹೇಗೆ ನಿಜವಾಯಿತು ಎಂಬುದೇ ಕಥೆ.

ಗುತ್ಯಪ್ಪ ಶಿಕಾರಿಪುರದಲ್ಲಿ ಒಂದು ಖಾಸಗಿ ಬಸ್ಸಿನ ಏಜೆಂಟ. ಹೊಸ ಮೈಸೂರು ರಾಜ್ಯ ಹುಟ್ಟಿ ಅದು ಎರಡನೇ ಮಳೆಗಾಲ. ರಾಜ್ಯ ದೊಡ್ಡದಾಗಿತ್ತೇ ಹೊರತು ರಸ್ತೆಯ ಕೆಸರು ಹಳೆಯದೇ. ಆಷಾಢದ ಒಂದು ದಿನ ಬಸ್ಸು ಎಲ್ಲೋ ಹೂತುಕೊಂಡು, ಅತ್ತರು ಮಾರುವವನೊಬ್ಬ ಗುತ್ಯಪ್ಪನ ತಗಡಿನ ಶೆಡ್ಡಿನಲ್ಲಿ ಮೂರು ತಾಸು ಕೂರಬೇಕಾಯಿತು. ಹೊತ್ತು ಹೋಗಲೆಂದು ಅವನು ಒಂದು ಚಾದ ವರ್ಣನೆ ಮಾಡಿದ. ಗಟ್ಟಿ ಹಾಲು, ಎರಡು ಏಲಕ್ಕಿ, ಒಣಗಿದ ಗುಲಾಬಿ ಎರಡೋ ಮೂರೋ. ಸಣ್ಣ ಉರಿಯಲ್ಲಿ ಕಾಯಬೇಕು. ಮಳೆ ಹಿಡಿದ ದಿನ ಅದನ್ನು ಕುಡಿದರೆ ಮನಸ್ಸಿಗೇ ಕಂಬಳಿ ಹೊದಿಸಿದ ಹಾಗೆ ಎಂದ. ಬಸ್ಸು ಬಂತು, ಅತ್ತರಿನವನು ಹೋದ, ಆದರೆ ಕಂಬಳಿ ಗುತ್ಯಪ್ಪನ ತಲೆಯಲ್ಲೇ ಉಳಿಯಿತು.

ಅಂದಿನಿಂದ ಮನೆಯಲ್ಲಿ ಹೂವಿಗೆ ಉಳಿಗಾಲವಿರಲಿಲ್ಲ. ಗುಲಾಬಿ ಸಿಗದ ವಾರ ಸೇವಂತಿಗೆ ಹಾಕಿ ಕಾಸಿದ. ಅದು ಕಷಾಯವಾಯಿತು. ಮಲ್ಲಿಗೆ ಹಾಕಿದ. ಅದು ಲೋಕಮ್ಮ ಮುಡಿದು ತೆಗೆದಿಟ್ಟಿದ್ದ ದಂಡೆಯಾದ್ದರಿಂದ ಚಾದಲ್ಲಿ ಕೊಬ್ಬರಿ ಎಣ್ಣೆ ತೇಲಿತು. ಎದುರು ಮನೆಯ ದರ್ಜಿ ಶಾಂತವೀರಪ್ಪ ಮರ್ಯಾದೆಗೆ ಒಂದು ಲೋಟ ಕುಡಿದು, ಮೂರು ದಿನ ಈ ಕಡೆಯ ಕಿಟಕಿ ತೆಗೆಯಲಿಲ್ಲ. ಇದೆಲ್ಲ ನೋಡಿದ್ದ ಲೋಕಮ್ಮ ಒಲೆಯ ಹತ್ತಿರ ಬರಬೇಡಿ ಎಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅದೂ ಅಲ್ಲದೆ ಬರುವವರು ಸಾಮಾನ್ಯ ನೆಂಟರಲ್ಲ. ಮಗಳು ನಿರ್ಮಲಳನ್ನು ಕೇಳಿಕೊಂಡು ಸೊರಬದ ಕಡೆಯಿಂದ ಬರುತ್ತಿದ್ದರು. ಹುಡುಗ ಹುಲಿಯಪ್ಪ ಪ್ರೈಮರಿ ಶಾಲೆಯ ಮಾಸ್ತರ. ತಂದೆ ಮಾಸ್ತಪ್ಪ ಸಾಧು ಮನುಷ್ಯ. ಆ ಮನೆಯಲ್ಲಿ ಮಾತು ನಡೆಯುವುದು ಮಾತ್ರ ಮಾಸ್ತಪ್ಪನ ಅಕ್ಕ ಬಸಕ್ಕನದು. ಹಿಂದೆ ಎರಡು ಸಂಬಂಧ ಬಾಗಿಲವರೆಗೆ ಬಂದು ತಿರುಗಿ ಹೋಗಿದ್ದವು. ಇದೂ ತಪ್ಪಿದರೆ ಊರವರು ಕಾರಣ ಹುಡುಕಲು ಕೂರುತ್ತಾರೆ ಎಂಬ ಭಯ ಲೋಕಮ್ಮನಿಗೆ. ಗುತ್ಯಪ್ಪನಿಗೂ ಆ ಭಯವಿತ್ತು, ಚಾದ ಉತ್ಸಾಹದಲ್ಲಿ ಸ್ವಲ್ಪ ಒಳಗೆ ಸರಿದಿತ್ತು ಅಷ್ಟೆ.

ಬಸಕ್ಕ ಜಾತಕ ಗೀತಕ ಕೇಳಿರಲಿಲ್ಲ. ಅವಳು ಕೇಳಿದ್ದು ದೇವರ ಹೂ. ಅಮ್ಮನ ಗುಡಿಯಲ್ಲಿ ಮೂರ್ತಿಯ ಎಡಕ್ಕೂ ಬಲಕ್ಕೂ ಹೂ ಮುಡಿಸಿ, ಈ ಸಂಬಂಧ ಆಗಬಹುದೇ ಎಂದು ಕೇಳಬೇಕು. ಬಲಗಡೆಯ ಹೂ ಬಿದ್ದರೆ ಅಮ್ಮ ಒಪ್ಪಿದಳೆಂದು ಅರ್ಥ. ಒಂದು ಸಲ ಗಾಳಿಗೂ ಬೀಳಬಹುದು, ಮೂರು ಸಲ ಕೇಳಿ ಎಂದು ಬಸಕ್ಕ ಹೇಳಿ ಕಳಿಸಿದ್ದಳು. ಲೋಕಮ್ಮ ಮೂರು ಸಲ ಕೇಳಿಸಿದಳು. ಮೂರು ಸಲವೂ ಬಲಗಡೆಯಿಂದ ಕೆಂಪು ಗುಲಾಬಿ ಉದುರಿತು. ಆ ಹೂವನ್ನು ಎರಡೂ ಮನೆಯವರು ಕಣ್ಣಾರೆ ನೋಡಿ, ಹಂಚಿಕೊಂಡು, ತಮ್ಮ ತಮ್ಮ ದೇವರ ಗೂಡಿನಲ್ಲಿಟ್ಟುಕೊಂಡರೆ ಮದುವೆ ಗಟ್ಟಿ. ಇದು ಬಸಕ್ಕನ ಮನೆಯ ಪದ್ಧತಿ.

ಲೋಕಮ್ಮ ಮೂರು ಹೂವನ್ನೂ ತಂದು ದೇವರ ಗೂಡಿನಲ್ಲೇ ಇಟ್ಟಳು. ಗುತ್ಯಪ್ಪನೂ ನೋಡಿ ಕೈಮುಗಿದ. ಆದರೆ ಆ ಮಳೆಗೆ ಮನೆಯಲ್ಲಿ ಚಪ್ಪಲಿಯಿಂದ ಹಿಡಿದು ಪಂಚಾಂಗದವರೆಗೆ ಎಲ್ಲದಕ್ಕೂ ಬೂಷ್ಟು ಬರುತ್ತಿತ್ತು. ದೇವರ ಹೂವಿಗೂ ಬಂದರೆ ಗತಿಯೇನು ಎಂದು ಲೋಕಮ್ಮ ಅವನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ, ಒಲೆಯ ಬಿಸಿ ತಾಗುವ ಗೋಡೆಗೂಡಿಗೆ ಸಾಗಿಸಿದಳು. ಗಂಡನಿಗೆ ಹೇಳಲಿಲ್ಲ. ಹೂವಿನ ವಿಷಯ ಅವನಿಗೆ ಹೇಳುವುದಕ್ಕಿಂತ ಹೇಳದಿರುವುದೇ ಕ್ಷೇಮ ಎಂದುಕೊಂಡಳು.

ಗುತ್ಯಪ್ಪನ ಬಸ್ಸು ಆ ಇಡೀ ಮಳೆಗಾಲದಲ್ಲಿ ಒಂದೇ ಒಂದು ದಿನ ಸರಿಯಾದ ಹೊತ್ತಿಗೆ ಬಂತು. ಅದು ನೆಂಟರು ಬರುವ ಆ ದಿನ. ಮಗಳಿಗೆ ಸೀರೆ ಉಡಿಸಲು ದೊಡ್ಡ ಕನ್ನಡಿ ಬೇಕೆಂದು ಲೋಕಮ್ಮ ಅವಳನ್ನು ಕರೆದುಕೊಂಡು ಪಕ್ಕದ ನೀಲಾಂಬಿಕಮ್ಮನ ಮನೆಗೆ ಹೋಗಿದ್ದಳು. ಅಷ್ಟರಲ್ಲಿ ಬಸಕ್ಕ, ಮಾಸ್ತಪ್ಪ, ಹುಲಿಯಪ್ಪ ಮೂವರೂ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತರು. ಮಾಸ್ತಪ್ಪನ ಹಲ್ಲು ಕಟಕಟ ಅನ್ನುತ್ತಿತ್ತು.

"ಕೂತ್ಕಳ್ರಿ, ಕೂತ್ಕಳ್ರಿ. ನಿಮ್ಮ ಚಳಿಗೆ ನನ್ ಹತ್ರ ಒಂದು ಮದ್ದೈತಿ. ಹೂವಿನ ಚಾ. ಈ ತಾಲೂಕಿನಾಗ ಬ್ಯಾರೆ ಎಲ್ಲೂ ಸಿಗಂಗಿಲ್ಲ," ಅಂದ ಗುತ್ಯಪ್ಪ.

ಹೇಳಿಯಾದ ಮೇಲೆ ಒಳಗೆ ಹೋಗಿ ತಾನು ಒಣಗಿಸಿಟ್ಟಿದ್ದ ಗುಲಾಬಿಯ ಪೊಟ್ಟಣ ಬಿಚ್ಚಿದ. ಗುಲಾಬಿಗೆ ಹಸಿರು ಗಡ್ಡ ಬಂದಿತ್ತು. ಹೊರಗೆ ಮೂವರು ಕಾಯುತ್ತಿದ್ದರು, ಹಾಲು ಒಲೆಯ ಮೇಲಿತ್ತು, ಹೂವಿರಲಿಲ್ಲ. ಏಲಕ್ಕಿಯಾದರೂ ಹಾಕೋಣವೆಂದು ಗೋಡೆಗೂಡಿಗೆ ಕೈಹಾಕಿದಾಗ ಪುಟ್ಟ ಡಬ್ಬಿ ಸಿಕ್ಕಿತು. ತೆರೆದು ನೋಡಿದರೆ ಎರಡು ಕೆಂಪು ಗುಲಾಬಿ, ಹಪ್ಪಳದ ಹಾಗೆ ಗರಿಗರಿ.

ಗುತ್ಯಪ್ಪನಿಗೆ ಎಲ್ಲ ಅರ್ಥವಾಯಿತು. ಮೇಲೆ ಮೇಲೆ ಬೈದರೂ ಲೋಕಿ ತನ್ನ ಚಾಕ್ಕೆಂದು ಕದ್ದುಮುಚ್ಚಿ ಹೂ ಒಣಗಿಸಿಟ್ಟಿದ್ದಾಳೆ. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಈ ಹೆಂಗಸಿನ ಮನಸ್ಸು ತನಗೆ ತಿಳಿಯಲಿಲ್ಲವಲ್ಲ ಎಂದು ಮರುಗಿದ. ಕಣ್ಣೊರೆಸಿಕೊಂಡು ಎರಡನ್ನೂ ಕುದಿಯುವ ಹಾಲಿಗೆ ಹಾಕಿದ.

ಸತ್ಯ ಹೇಳಬೇಕೆಂದರೆ ಚಾ ಚೆನ್ನಾಗಿಯೇ ಆಯಿತು. ಮಾಸ್ತಪ್ಪನ ಹಲ್ಲು ಸುಮ್ಮನಾಯಿತು. ಹುಲಿಯಪ್ಪ ನಾಚಿಕೊಳ್ಳುತ್ತಲೇ ಎರಡು ಲೋಟ ಮುಗಿಸಿದ. ಬಸಕ್ಕ ಮೊದಲು ಮೂಸಿ, ಆಮೇಲೆ ಚಪ್ಪರಿಸಿ, ಕೊನೆಗೆ ಲೋಟ ಮುಂದೆ ಚಾಚಿ, "ಇನ್ನೊಂಚೂರು ಹಾಕು ಮಾರಾಯ" ಅಂದಳು. ಪಾತ್ರೆ ಖಾಲಿಯಾಯಿತು. ಅತಿಥಿ ಸತ್ಕಾರದ ಭರದಲ್ಲಿ ಗುತ್ಯಪ್ಪ ತನಗೂ ಉಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಲೋಕಮ್ಮ ಮಗಳನ್ನು ಕರೆದುಕೊಂಡು ಹಿತ್ತಿಲ ಬಾಗಿಲಿಂದ ಬಂದಳು. ನಿರ್ಮಲ ಬಂದು ನಮಸ್ಕಾರ ಮಾಡಿ ಕಂಬದ ಪಕ್ಕ ನಿಂತಳು. ಬಸಕ್ಕ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ ತೃಪ್ತಿಯಿಂದ ಬಾಯಿ ಒರೆಸಿಕೊಂಡಳು.

"ಹುಡುಗಿ ಲಕ್ಷಣ್ವಾಗೈತೆ. ಇನ್ನು ಅಮ್ಮ ಕೊಟ್ಟ ಹೂ ತಗಂಬನ್ನಿ. ನೋಡಿ, ನಮ್ ಪಾಲು ತಗಂಡು, ನಾಲ್ಕರ ಬಸ್ಸಿಗೆ ಹೊರಡ್ತೀವಿ."

ಲೋಕಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ತಗಡಿನ ಡಬ್ಬಿ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ, "ಏನ್ರಿ, ಒಂಚೂರು ಒಳಗ ಬರ್ರಿ" ಎಂಬ ದನಿ. ಆ ದನಿಯಲ್ಲಿ ಪ್ರೀತಿಯ ಅಂಶ ಕಡಿಮೆ ಇತ್ತು.

"ಈ ಡಬ್ಬ್ಯಾಗಿನ ಹೂ ಎಲ್ರಿ?"

"ನನ್ ಚಾಕ್ಕಂತ ನೀನಾ ಒಣಗಿಸಿ ಇಟ್ಟಿದ್ದೆಲ್ಲ, ಅವಾ? ಹಾಕಿದೆ ಕಣೆ. ಎಲ್ಲಾರೂ ಮೆಚ್ಚಿದ್ರು."

ಲೋಕಮ್ಮ ಗೋಡೆಗೆ ಒರಗಿದಳು. "ಅವು ಅಮ್ಮ ಕೊಟ್ಟ ಹೂರೀ. ಬೂಷ್ಟು ಹಿಡಿತೈತಿ ಅಂತ ಇಲ್ಲಿಟ್ಟಿದ್ದೆ."

ಗುತ್ಯಪ್ಪನಿಗೆ ಕುಡಿಯದ ಚಾ ನೆತ್ತಿಗೇರಿತು. "ಎರಡೂನಾ?"

"ಎರಡಲ್ಲ, ಮೂರು."

"ಎರಡಾ ಇದ್ವು."

"ನಾನು ಎಣಿಸಿ ಇಟ್ಟೀನಿ, ಮೂರು. ಇನ್ನೊಂದು ಏನು ಮಾಡಿದ್ರಿ? ಹಂಗಾ ತಿಂದ್ರಾ?"

"ದೇವರಾಣಿಗೂ ಎರಡಾ ಲೇ."

"ದೇವರ ಹೆಸ್ರು ಇವತ್ತು ನಿಮ್ ಬಾಯಾಗ ಬರಬ್ಯಾಡ."

ಗುತ್ಯಪ್ಪ ಕೊನೆಯ ಉಪಾಯವಾಗಿ ತನ್ನ ಬೂಷ್ಟು ಹಿಡಿದ ಗುಲಾಬಿಯ ಪೊಟ್ಟಣ ಮುಂದೆ ಹಿಡಿದ. ಅದನ್ನು ನೋಡಿ ಲೋಕಮ್ಮನಿಗೆ ಅಳು ಬಂತು. "ಗಡ್ಡ ಬಂದ ಹೂ ತೋರಿಸಿ ಅಮ್ಮ ಕೊಟ್ಲು ಅಂತ ಸುಳ್ಳು ಹೇಳ್ತೀರಾ? ಮಗಳ ಬಾಳಿನ ವಿಷಯ ಇದು." ಗುತ್ಯಪ್ಪ ಪೊಟ್ಟಣ ಮಡಚಿದ. ಸುಳ್ಳು ಹೇಳುವ ಧೈರ್ಯ ಅವನಿಗೂ ಇರಲಿಲ್ಲ. ಹೊರಗೆ ಬಂದು ಬಸಕ್ಕನ ಎದುರು ಚಾಪೆಯ ತುದಿಯಲ್ಲಿ ಕೂತು, ತಲೆ ತಗ್ಗಿಸಿ, ಅತ್ತರಿನವನಿಂದ ಹಿಡಿದು ಡಬ್ಬಿಯವರೆಗೆ ಒಂದನ್ನೂ ಬಿಡದೆ ಒಪ್ಪಿಸಿದ.

ಬಸಕ್ಕ ತನ್ನ ಖಾಲಿ ಲೋಟವನ್ನು ನೋಡಿದಳು. ಮಾಸ್ತಪ್ಪ ಕೊಡೆಯ ಕಡೆ ನೋಡಿದ. ಹುಲಿಯಪ್ಪ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

"ಅಂದ್ರೆ ನಾವು ದೇವರ ಅಪ್ಪಣೇನೇ ಕುಡ್ದಿದ್ದಾ?" ಅಂದಳು ಬಸಕ್ಕ.

ಗುತ್ಯಪ್ಪ ನಾಲ್ಕರ ಬಸ್ಸಿಗೆ ಸಾವಿರಾರು ಜನರನ್ನು ಹತ್ತಿಸಿ ಕಳಿಸಿದವನು. ಆ ಬಸ್ಸು ಇವತ್ತು ಊರು ತಲುಪದೆ ಅಂಬ್ಲಿಗೊಳದ ಆಚೆಯೇ ಕೆಟ್ಟು ನಿಲ್ಲಲಿ ಎಂದು ಮೊದಲ ಬಾರಿಗೆ ಬೇಡಿಕೊಂಡ.

"ಹಂಚಿಕಳ್ಬೇಕಾದ ಹೂ. ನಿಮ್ ಮನೆ ಪಾಲು ಎಲ್ಲೈತೆ? ಎರಡು ಮನೇಲೂ ಇದ್ರೆ ತಾನೇ ಮಾತು ಗಟ್ಟಿ?" ಬಸಕ್ಕ ಕೊಡೆಗೆ ಕೈಹಾಕಿದಳು. "ಏಳು ಮಾಸ್ತಪ್ಪ."

ಆಗ ಕಂಬದ ಪಕ್ಕದಿಂದ ನಿರ್ಮಲ, "ನಮ್ ಪಾಲು ಐತಿ" ಅಂದಳು.

ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಒಳಗೆ ಹೋಗಿ, ತನ್ನ ಹಳೆಯ ಮಿಡ್ಲ್ ಸ್ಕೂಲಿನ ಭೂಗೋಳದ ಪುಸ್ತಕ ತಂದು ಬಸಕ್ಕನ ಮುಂದೆ ಬಿಚ್ಚಿದಳು. ಭಾರತದ ನಕಾಶೆಯ ಮೇಲೆ ಒಂದು ಕೆಂಪು ಗುಲಾಬಿ ಚಪ್ಪಟೆಯಾಗಿ ಮಲಗಿತ್ತು.

"ಅವ್ವ ಡಬ್ಬಿ ಒಲಿ ಹತ್ರ ಇಟ್ಟಾಗ್ಲೇ ಒಂದು ತೆಗೆದಿಟ್ಟೆ," ಅಂದಳು ನೆಲ ನೋಡುತ್ತಾ. "ಅಪ್ಪನ ಕಣ್ಣಿಗೆ ಇವತ್ತಲ್ಲ ನಾಳೆ ಬೀಳ್ತಾವು ಅಂತ ಗೊತ್ತಿತ್ತು. ಮೂರೂ ಹೋದ್ರೆ..." ಮುಂದಿನ ಮಾತು ಹೇಳದೆ ಕೆಂಪಗಾದಳು. ಹುಲಿಯಪ್ಪ ಮಾಸ್ತರನೂ ಯಾಕೋ ಕೆಂಪಗಾದ. ಈ ಮದುವೆ ಯಾರಿಗೆ ಎಷ್ಟು ಬೇಕಾಗಿದೆ ಎಂಬುದು ಹಿರಿಯರಿಗೆಲ್ಲ ಆಗ ತಿಳಿಯಿತು.

ಬಸಕ್ಕ ಕೊಡೆಯನ್ನು ಮೂಲೆಗಿಟ್ಟು ಮತ್ತೆ ಕೂತಳು. ಹೂವನ್ನು ಕಣ್ಣಿಗೊತ್ತಿಕೊಂಡಳು.

"ಮೂರ್ರಲ್ಲಿ ಎರಡು ನಮ್ಗೆ ಬಂತು, ಒಂದು ನಿಮ್ಗೆ. ಗಂಡಿನ ಕಡೆಯೋರಲ್ವಾ, ಇರ್ಲಿ ಬಿಡಿ. ನಮ್ ಪಾಲು ಗೂಡಿಗೆ ಹೋಗೋ ಬದ್ಲು ಹೊಟ್ಟಿಗೇ ಹೋತು, ಅಷ್ಟೇ ತಾನೇ. ಇಂಥ ಅಪ್ಪನ್ನ ಸಂಬಾಳಿಸಿದ ಹುಡುಗಿ ನಮ್ಮನೇಲಿ ಯಾರನ್ನ ಬೇಕಾದ್ರೂ ಸಂಬಾಳಿಸ್ತಾಳೆ."

ಸಂಬಂಧ ಗಟ್ಟಿಯಾಯಿತು. ಗುತ್ಯಪ್ಪ ಹಿಗ್ಗಿದ. ಹಿಗ್ಗಿದ್ದು ಎರಡು ದಿನ ಮಾತ್ರ. ಮೂರನೆಯ ದಿನದಿಂದ ಬಸ್ ಸ್ಟ್ಯಾಂಡಿನಲ್ಲಿ ಕಂಡವರೆಲ್ಲ, "ಏಜೆಂಟ್ರೇ, ದೇವರು ಹೆಂಗದಾನೆ, ಸಕ್ಕರೆ ಸಾಕಾಗ್ಯದಾ?" ಎಂದು ವಿಚಾರಿಸತೊಡಗಿದರು.

ಬೇಸಿಗೆಯಲ್ಲಿ ಮದುವೆ. ಅಡಿಗೆಯ ಮೇಲ್ವಿಚಾರಣೆ ತನಗಿರಲಿ ಎಂದು ಗುತ್ಯಪ್ಪ ಕೇಳಿದ. ಲೋಕಮ್ಮ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತು, ಅವನ ಕೈಗೆ ಪನ್ನೀರುದಾನಿ ಕೊಟ್ಟಳು. ಚಪ್ಪರದ ಬಾಗಿಲಲ್ಲಿ ನಿಂತು ಬಂದವರ ಮೇಲೆ ಚಿಮುಕಿಸುವುದು, ಅದಕ್ಕಿಂತ ಹೆಚ್ಚಿನ ಅಧಿಕಾರವಿಲ್ಲ. ಗುತ್ಯಪ್ಪ ಜರಿ ಪೇಟ ಸುತ್ತಿಕೊಂಡು ಗಂಭೀರವಾಗಿ ನಿಂತ. ದಿಬ್ಬಣ ಬಂತು. ಎಲ್ಲರಿಗಿಂತ ಮುಂದೆ ಬಸಕ್ಕ. ಅವನು ಬಾಗಿ, ಗುಲಾಬಿ ಪನ್ನೀರನ್ನು ಅವಳ ಮೇಲೆ ಚಿಮುಕಿಸಿದ.

ಬಸಕ್ಕ ಮುಖ ಒರೆಸಿಕೊಂಡು, ಬೆರಳು ಮೂಸಿ, ಇಡೀ ದಿಬ್ಬಣಕ್ಕೆ ಕೇಳುವ ಹಾಗೆ ಕೇಳಿದಳು:

"ಯಾಕೆ ಬೀಗರೇ, ಈ ಸಲ ಹಾಲು ಹಾಕಿಲ್ವಾ?"