ಭಾವ ಜೈಂಟ್ ವೀಲ್ ಹತ್ತಿದ ಭಾನುವಾರ

ನಮ್ಮ ಭಾವ ಇನ್ನೂ ಬದುಕಿದ್ದಾರೆ ಎಂಬುದನ್ನು ನಾನು ನಂಬುತ್ತೇನೆ, ನೀವೂ ನಂಬಬಹುದು, ಆದರೆ ಸ್ವತಃ ಅವರಿಗೇ ಪೂರ್ತಿ ನಂಬಿಕೆಯಿಲ್ಲ! ಅವರ ಪ್ರಕಾರ ಅವರು ಇಷ್ಟು ಹೊತ್ತಿಗೆ ಕಡಿಮೆಯೆಂದರೂ ನೂರು ಸಲ ಸಾಯಬೇಕಿತ್ತು. ಕುಕ್ಕರ್ ಸಿಡಿದು ಒಮ್ಮೆ, ಗೀಸರಿನ ಶಾಕ್ ಹೊಡೆದು ಒಮ್ಮೆ, ಎದುರುಮನೆಯ ಮೂರನೇ ಮಹಡಿಯ ತುಳಸಿ ಕುಂಡ ತಲೆಯ ಮೇಲೆ ಬಿದ್ದು ಒಮ್ಮೆ. ಏನೋ ದೇವರ ದಯೆ, ಇದುವರೆಗೆ ತಪ್ಪಿದೆ. ನಾಳೆಯನ್ನು ಯಾರು ಕಂಡಿದ್ದಾರೆ?

ಭಾವ ಎಂದರೆ ನನ್ನ ಅಕ್ಕನ ಗಂಡ. ವಿಮಾ ಕಚೇರಿಯೊಂದರಲ್ಲಿ ಅಪಘಾತದ ಕ್ಲೇಮುಗಳನ್ನು ನೋಡುವ ವಿಭಾಗದಲ್ಲೇ ಇಡೀ ನೌಕರಿ ಕಳೆದು ಎರಡು ವರ್ಷದ ಹಿಂದೆ ನಿವೃತ್ತರಾದರು. ದಿನವೂ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾರು ಎಲ್ಲಿ ಜಾರಿದರು, ಯಾರು ಎಲ್ಲಿಂದ ಬಿದ್ದರು ಎಂದು ಓದುತ್ತ ಕೂತ ಮನುಷ್ಯನಿಗೆ ಲೋಕ ಹೇಗೆ ಕಾಣಬೇಕು? ನಮಗೆ ಪ್ಲಾಸ್ಟಿಕ್ ಕುರ್ಚಿ ಕೂರುವ ವಸ್ತು. ಅವರಿಗೆ ಅದು, ಕ್ಯಾಲೆಂಡರ್ ಬದಲಿಸಲು ಅದರ ಮೇಲೆ ಹತ್ತಿ ಸೊಂಟ ಮುರಿದುಕೊಂಡ ಹೆಡ್‌ಮಾಸ್ತರರ ಫೈಲು. ಇಂದಿರಾನಗರದ ಆಚೆ ಮನೆ ಕೊಳ್ಳುವಾಗ, ಮೇಲಿನ ಮಹಡಿಯಿಂದ ಬೀಳುವ ಅಪಾಯವಿದೆಯೆಂದು ನೆಲಮಹಡಿಯನ್ನೇ ಆರಿಸಿದರು. ಗೃಹಪ್ರವೇಶ ಮುಗಿದ ಮಾರನೆಯ ದಿನದಿಂದ, ಮೇಲಿನ ಮಹಡಿಯೇ ನಮ್ಮ ಮೇಲೆ ಬಿದ್ದರೆ ಎಂದು ಯೋಚಿಸತೊಡಗಿದರು!

ದಾವಣಗೆರೆಯ ನಮ್ಮ ಮನೆಗೆ ಅವರು ಹೆಣ್ಣು ನೋಡಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು ನಿಂತಳು. ಹುಡುಗ ಅವಳನ್ನು ನೋಡಲಿಲ್ಲ. ಕತ್ತೆತ್ತಿ ಅವಳ ತಲೆಯ ಮೇಲಿದ್ದ ಫ್ಯಾನಿನ ಕೊಕ್ಕೆಯನ್ನೇ ನೋಡುತ್ತಿದ್ದರು. "ಸ್ವಲ್ಪ ಈ ಕಡೆ ಬನ್ನಿ," ಎಂದರು. ಅವರು ಅವಳೊಂದಿಗೆ ಆಡಿದ ಮೊದಲ ಮಾತು ಅದು! ಹುಡುಗನಿಗೆ ತಲೆ ಕೆಟ್ಟಿದೆ ಎಂದು ಅಪ್ಪ ಆವತ್ತೇ ತೀರ್ಮಾನಿಸಿದರು. ಅಕ್ಕ ಮಾತ್ರ ಒಳಗೆ ಬಂದು ನನ್ನ ಕಿವಿಯಲ್ಲಿ, "ನನ್ನ ಮೇಲೆ ಬೀಳ್ದೇ ಇರ್ಲಿ ಅಂತ ನೋಡಿದ್ರು ಕಣೇ," ಎಂದು ನಕ್ಕಳು. ಮದುವೆ ಆಗಿಹೋಯಿತು.

ಅಕ್ಕ ಪೂರ್ತಿ ಬೇರೆ ಜಾತಿಯವಳು. ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸುಗಳ ಮಧ್ಯೆ ನುಗ್ಗಿಸಿ ಸ್ಕೂಟರ್ ಓಡಿಸುವವಳು. ಹಿಂದೆ ಕೂತ ಭಾವ ಕಣ್ಣು ಮುಚ್ಚಿಕೊಂಡು, "ಎಡಗಡೆ ಲಾರಿ, ಎಡಗಡೆ ಲಾರಿ," ಎನ್ನುತ್ತಿರುತ್ತಾರೆ. ಕಣ್ಣು ಮುಚ್ಚಿದ್ದಾಗ ಲಾರಿ ಹೇಗೆ ಕಂಡಿತು ಎಂದು ಕೇಳಬಾರದು. ಹಲಸೂರಿಗೆ ತರಕಾರಿಗೆಂದು ಹೊರಡುವಾಗಲೂ ಕಲ್ಯಾಣ ನಗರದಲ್ಲಿರುವ ನನಗೆ ಫೋನು ಬರುತ್ತದೆ. "ನಾವಿಬ್ರೂ ಹೊರಗೆ ಹೊರಟಿದ್ದೀವಮ್ಮ. ಕಾಗದಪತ್ರ ಎಲ್ಲಾ ಬೀರುವಿನ ಎರಡನೇ ಅರೆಯಲ್ಲಿದೆ. ಸುಮ್ನೆ ಹೇಳ್ದೆ." ಬೆಳಿಗ್ಗೆ ಬೆಳಿಗ್ಗೆ ಹೀರೇಕಾಯಿ ತರಲು ಹೋಗುವವರು ಉಯಿಲು ಹೇಳಿ ಹೋಗುವುದುಂಟೇ?

ಒಮ್ಮೆ ನಾವು ಮೂವರೂ ಪುಲಿಕೇಶಿನಗರದಲ್ಲಿ ಚಹಾ ಕುಡಿಯಲು ಹೋಗಿದ್ದೆವು. ಹಳೆಯ ಕಟ್ಟಡ. ಗೋಡೆಯಲ್ಲಿ ಒಂದು ಬಿರುಕು. ಭಾವ ಲೋಟ ಹಿಡಿದು ರಸ್ತೆಯಲ್ಲೇ ನಿಂತರು. ಅಂಗಡಿಯ ಯಜಮಾನರಿಗೆ ಬೇಸರವಾಯಿತು. "ಅರೇ ಸಾಬ್, ಒಳಗ್ ಬನ್ನಿ. ಈ ಗೋಡೆ ನಮ್ಮ ದಾದಾ ಕಾಲದ್ದು, ಅಪ್ಪನ ಅಪ್ಪ ಕಟ್ಟಿಸಿದ್ದು," ಎಂದರು. "ಅದಕ್ಕೇ ಭಯ," ಎಂದರು ಭಾವ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಳಗೆ ಕೂತಿದ್ದ ನಾಲ್ಕು ಜನ ಗಿರಾಕಿಗಳು ಲೋಟ ಸಮೇತ ಹೊರಗೆ ಬಂದು ನಮ್ಮ ಪಕ್ಕ ನಿಂತಿದ್ದರು! ಭಯ ನೆಗಡಿಯ ಹಾಗೆ, ಹತ್ತಿರವಿದ್ದವರಿಗೆ ಅಂಟುತ್ತದೆ. ಸುಳ್ಳೇಕೆ ಹೇಳಲಿ, ನನಗೂ ಅಂಟಿದೆ. ಅವರ ಮನೆಗೆ ಹೋಗಿ ಬಂದ ಮೇಲೆ ಎರಡು ದಿನ ನಾನೂ ಫ್ಯಾನಿನ ಕೆಳಗೆ ಮಲಗುವುದಿಲ್ಲ.

ಹೀಗೆ ನಗುತ್ತಿದ್ದವರ ಮನೆಗೆ ನಿಜವಾದ ಭಯ ಬಂದದ್ದು ಹೋದ ವರ್ಷ. ಅಕ್ಕನ ಕತ್ತಿನಲ್ಲಿ ಒಂದು ಗಂಟು ಬೆಳೆಯಿತು. ಮೊದಮೊದಲು ಸೆರಗು ಹೊದ್ದು ಮುಚ್ಚಿದಳು. ಆಮೇಲೆ ನುಂಗುವಾಗ ತೊಂದರೆಯಾಯಿತು, ಮಲಗಿದರೆ ಉಸಿರು ಸುಯ್ಯೆನ್ನತೊಡಗಿತು. ಬಿಟ್ಟರೆ ಶ್ವಾಸನಾಳವನ್ನೇ ಒತ್ತುತ್ತದೆ, ಆಪರೇಷನ್ ಮಾಡಿ ತೆಗೆಯಲೇಬೇಕು ಎಂದರು ಡಾಕ್ಟರು. ಲಾರಿಗೆ ಹೆದರದ ನನ್ನ ಅಕ್ಕ ಬಿಳಿಚಿಕೊಂಡಳು.

"ಆಗಲ್ಲ," ಎಂದಳು.

"ಯಾಕೆ?"

"ಮತ್ತು ಬರೋ ಔಷಧಿ ಕೊಟ್ಟು ಮಲಗಿಸ್ತಾರಂತೆ. ಎಬ್ಬಿಸೋದು ಮರೆತ್ರೆ?"

ನಾನು ನಕ್ಕೆ. ಅವಳು ನಗಲಿಲ್ಲ. ಎರಡು ತಿಂಗಳು ಅವಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಭಾವ ದಿನವೂ ಗೋಗರೆದರು, ರೇಗಿದರು, ಊಟ ಬಿಟ್ಟರು. ಆಪರೇಷನ್ ಕೋಣೆಯಲ್ಲಿ ಏನೇನು ಆಗಬಹುದು ಎಂಬುದು ಅವರಷ್ಟು ಗೊತ್ತಿದ್ದವರು ನಮ್ಮ ಬಳಗದಲ್ಲಿ ಯಾರೂ ಇರಲಿಲ್ಲ. ಅದರಲ್ಲಿ ಒಂದನ್ನೂ ಅವರು ಬಾಯಿ ಬಿಟ್ಟು ಹೇಳಲಿಲ್ಲ. ಅವರಿಗೆ ಅದೆಷ್ಟು ಕಷ್ಟವಾಗಿರಬೇಕು ಎಂದು ನಾನು ಆಗ ಯೋಚಿಸಲೇ ಇಲ್ಲ.

ಒಂದು ಸಂಜೆ ಜಗಳ ಜೋರಾಯಿತು. ಕೆ.ಆರ್. ಪುರದ ಹತ್ತಿರದ ಮೈದಾನದಲ್ಲಿ ಹೊಸದಾಗಿ ದೊಡ್ಡ ಜೈಂಟ್ ವೀಲ್ ನಿಲ್ಲಿಸಿದ್ದರು. ಅದನ್ನು ಹತ್ತೋಣವೆಂದು ಅಕ್ಕ ಮೊದಲಿಂದ ಹೇಳುತ್ತಿದ್ದಳು. ಭಾವ ಆ ರಸ್ತೆಯಲ್ಲೇ ಹೋಗುತ್ತಿರಲಿಲ್ಲ, ಅದು ಕಳಚಿಕೊಂಡು ಉರುಳಿ ಬಂದರೆ ಎಂದು! ಆವತ್ತು ಅಕ್ಕ ಅವರ ಬಾಯಿ ಮುಚ್ಚಿಸಲೆಂದೇ ಹೇಳಿದಳು. "ನೀವು ಆ ಜೈಂಟ್ ವೀಲ್ ಹತ್ತಿ. ಪೂರ್ತಿ ಆಟ ಕೂತಿದ್ದು ಇಳೀರಿ. ಆಮೇಲೆ ನಾನು ಆಪರೇಷನ್ ಟೇಬಲ್ ಹತ್ತೀನಿ."

ಭಾವ ಒಂದು ಲೋಟ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು.

"ಭಾನುವಾರ ಹೋಗೋಣ," ಎಂದರು.

ನಾವು ಯಾರೂ ನಂಬಲಿಲ್ಲ. ಭಾನುವಾರ ಮಧ್ಯಾಹ್ನ ಫೋನು ಬಂದಾಗ, ಬೀರುವಿನ ಎರಡನೇ ಅರೆಯ ಸಮಾಚಾರವಿರಬೇಕು ಎಂದುಕೊಂಡೆ. "ನೀನೂ ಬಾಮ್ಮ," ಎಂದರು. ದನಿ ಒಣಗಿತ್ತು.

ನಾನು ಹೋಗುವಷ್ಟರಲ್ಲಿ ಅವರು ಚಕ್ರದ ಕೆಳಗೆ ನಿಂತಿದ್ದರು. ಕುತ್ತಿಗೆಯಲ್ಲಿ ಒಂದು ಸೀಟಿ, ಕೈಯಲ್ಲಿ ಟಾರ್ಚು, ಅಂಗಿಯ ಜೇಬಿನಲ್ಲಿ ನಮ್ಮ ಮೂವರ ಹೆಸರು ಮತ್ತು ರಕ್ತದ ಗುಂಪು ಬರೆದ ಚೀಟಿ. ಚಕ್ರ ನಡೆಸುವಾತ ತಮಿಳು ಬೆರೆತ ಕನ್ನಡದ, ಹೊಟ್ಟೆ ಬಂದ ಮಧ್ಯವಯಸ್ಕ. ಭಾವ ಅವನನ್ನು ಕಾಲು ಗಂಟೆ ವಿಚಾರಣೆ ಮಾಡಿದರು.

"ಡೈಲಿ ಓಡ್ತದೆ ಸಾರ್. ಇದುವರ್ಗೂ ಏನೂ ಆಗಿಲ್ಲ ಸಾರ್."

"ಇದುವರೆಗೂ ಆಗಿಲ್ಲ ಅಂದ್ರೆ, ಆಗೋದು ಬಾಕಿ ಇದೆ ಅಂತ!"

"ಅಯ್ಯೋ ಸಾಮಿ, ಬಾಯಲ್ಲಿ ಒಳ್ಳೇದ್ ಬರ್ಲಿ," ಎಂದು ಆತ ಕೆನ್ನೆ ಕೆನ್ನೆ ಬಡಿದುಕೊಂಡ. ಆಮೇಲೆ ತಾನೂ ಒಮ್ಮೆ ಕತ್ತೆತ್ತಿ ಚಕ್ರವನ್ನು ಮೇಲಿಂದ ಕೆಳಗೆ ನೋಡಿದ. ನೋಡಿ, ಅವನಿಗೂ ಅಂಟಿತು!

ಗಾಜಿನ ಡಬ್ಬಿಯೊಳಗೆ ಕೂತೆವು. ತೂಕ ಸರಿಯಾಗಿ ಹಂಚಬೇಕೆಂದು ಭಾವ ನಮ್ಮಿಬ್ಬರನ್ನು ಎದುರುಬದುರು ಕೂರಿಸಿ, ಅಕ್ಕನ ಪಕ್ಕದಲ್ಲಿ ಸೀಟಿನ ಅಂಚು ಹಿಡಿದು ಕೂತರು. ಬಾಗಿಲು ಹಾಕಿಕೊಂಡಿತು. ನೆಲ ಮೆಲ್ಲಗೆ ಜಾರಿ ಕೆಳಗೆ ಹೋಯಿತು.

ಹತ್ತುವ ಮೊದಲು ನಾನು ನಗುತ್ತಿದ್ದೆ. ಮರಗಳ ತುದಿ ದಾಟಿದ ಮೇಲೆ ನಗು ನಿಂತಿತು. ಎಲ್ಲೋ ಕಬ್ಬಿಣ ಕಿರ್ರೆಂದಿತು. ಗಾಳಿ ಡಬ್ಬಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿತು. ನನ್ನ ಅಂಗೈ ಬೆವರಿ ಹಿಡಿದ ಸರಳು ಜಾರುತ್ತಿತ್ತು. ಅಕ್ಕ ಒಬ್ಬಳೇ ಆರಾಮವಾಗಿ, "ಅಲ್ನೋಡೇ, ತೂಗುಸೇತುವೆ! ರೈಲು ನೋಡು, ಎಷ್ಟು ಸಣ್ಣಕ್ಕೆ ಕಾಣ್ಸುತ್ತೆ!" ಎನ್ನುತ್ತಿದ್ದಳು. ತುತ್ತತುದಿಗೆ ಬಂದಾಗ ಚಕ್ರ ನಿಂತುಬಿಟ್ಟಿತು.

ಕೆಳಗೆ ಯಾರೋ ಅಜ್ಜಿಯನ್ನು ಮೂರು ಜನ ಸೇರಿ ಹತ್ತಿಸುತ್ತಿದ್ದರಂತೆ. ಅದು ನಮಗೆ ಆಮೇಲೆ ಗೊತ್ತಾಯಿತು. ಆಗ ನಮಗೆ ಗೊತ್ತಿದ್ದುದು ಒಂದೇ, ನಾವು ಆಕಾಶದಲ್ಲಿದ್ದೇವೆ, ಏನೂ ಅಲುಗಾಡುತ್ತಿಲ್ಲ. ಭಾವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಮುಖದಲ್ಲಿ ರಕ್ತವೇ ಇರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಸೀಟಿ ಊದುವುದನ್ನೂ ಮರೆತಿದ್ದರು.

ಆ ಸ್ಥಿತಿಯಲ್ಲಿ ಅವರು ಕೇಳಿದರು. "ಲೇ... ಅರ್ಧಕ್ಕೇ ನಿಂತ್ಹೋದ್ರೆ ಲೆಕ್ಕಕ್ಕೆ ಬರುತ್ತೋ, ಇಲ್ವೋ?"

ಅಕ್ಕ ತೂಗುಸೇತುವೆಯನ್ನು ಬಿಟ್ಟು ಅವರ ಕಡೆ ತಿರುಗಿದಳು.

ಚಕ್ರ ಮತ್ತೆ ಹೊರಟಿತು. ಕೆಳಗೆ ಬಂದಾಗ ಚಕ್ರ ನಡೆಸುವಾತ ಭಾವನ ಮುಖ ನೋಡಿ ಗಾಬರಿಯಾಗಿ ಬಾಗಿಲು ತೆಗೆದ. "ಸಾರ್, ಇಳ್ಕೊಳ್ಳಿ ಸಾರ್. ಇನ್ನೂ ಎರಡು ಸುತ್ತು ಇದೆ, ಬೇಡ ಸಾರ್." ನನ್ನ ಒಂದು ಕಾಲು ಆಗಲೇ ಹೊರಗಿತ್ತು! ಅಕ್ಕನೂ, "ಸಾಕು, ಬನ್ನಿ ರೀ," ಎಂದಳು. ಭಾವ ಕಣ್ಣು ತೆರೆಯದೆ ಇಲ್ಲವೆಂದು ತಲೆಯಾಡಿಸಿದರು. "ಪೂರ್ತಿ ಅಂದಿದ್ದಾಳೆ. ಬಾಗಿಲು ಹಾಕಪ್ಪ." ನಾನು ಕಾಲು ಒಳಗೆ ಎಳೆದುಕೊಂಡೆ. ಇನ್ನೆರಡು ಸುತ್ತು ಅಕ್ಕ ಊರನ್ನು ನೋಡಲೇ ಇಲ್ಲ.

ಇಳಿದ ಮೇಲೆ ಭಾವನಿಗೆ ನಾಲ್ಕು ಹೆಜ್ಜೆ ಇಡಲಾಗಲಿಲ್ಲ. ಮೈದಾನದ ಅಂಚಿನ ಸಿಮೆಂಟ್ ಕಟ್ಟೆಯ ಮೇಲೆ ಕೂತರು. ಅಕ್ಕ ಪಕ್ಕದಲ್ಲಿ ಕೂತಳು. ನಾನು ಕಬ್ಬಿನ ಹಾಲು ತರಲು ಹೋದೆ. ಲೋಟಗಳನ್ನು ಹಿಡಿದು ವಾಪಸು ಬಂದಾಗ ಭಾವ ಮಾತಾಡುತ್ತಿದ್ದರು, ಹಾಗಾಗಿ ಹಿಂದೆಯೇ ನಿಂತೆ.

"ನಿನಗೆ ಬೇಡ ಅಂದ್ರೆ ಆಪರೇಷನ್ ಬೇಡ ಕಣೇ. ಬೇರೆ ಡಾಕ್ಟ್ರನ್ನ ಕೇಳೋಣ, ಏನಾದ್ರೂ ಮಾಡೋಣ. ಎರಡು ತಿಂಗಳಿಂದ ನಿನ್ ಮೇಲೆ ರೇಗಾಡ್ತಿದ್ದೆ. ಭಯ ಅಂದ್ರೆ ಏನು ಅಂತ ನನಗೆ ಗೊತ್ತಿದೆ ಅಂದ್ಕೊಂಡಿದ್ದೆ. ಬರೀ ಫೈಲಲ್ಲಿ ಓದಿದ್ದೆ ಅಷ್ಟೆ. ಇವತ್ತು ಗೊತ್ತಾಯ್ತು. ಇಷ್ಟು ಭಯ ಇಟ್ಕೊಂಡು ಹೋಗು ಅಂತ ನಿನಗೆ ಹೇಗೆ ಹೇಳ್ಲಿ?"

ಅಕ್ಕ ಸೆರಗಿನ ತುದಿಯಿಂದ ಅವರ ಹಣೆಯ ಬೆವರು ಒರೆಸಿದಳು.

"ಡಾಕ್ಟ್ರು ಆಪರೇಷನ್ನಿಗೆ ಬುಧವಾರ ಬನ್ನಿ ಅಂದಿದ್ದಾರೆ ಅಂತ ನೀವು ಹೇಳ್ತಿದ್ರಲ್ಲ, ಎಷ್ಟು ಗಂಟೆಗೆ?" ಎಂದಳು.

"ಬೇಡ ಅಂದ್ನಲ್ಲೇ."

"ನೀವು ಧೈರ್ಯವಾಗಿ ಕೂತಿದ್ರೆ ನಾನು ಆಸ್ಪತ್ರೆಗೆ ಬರ್ತಿರ್ಲಿಲ್ಲ ಕಣ್ರೀ. ಧೈರ್ಯ ಬಂದ್ಮೇಲೆ ಹೋಗೋಣ ಅಂತ ಕಾಯ್ತಿದ್ದೆ. ನೀವು ನಡುಗ್ತಾ ನಡುಗ್ತಾನೇ ಮೂರು ಸುತ್ತು ಕೂತ್ರಿ. ಹಾಗೂ ಹೋಗ್ಬಹುದು ಅಂತಾಯ್ತಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ಎಬ್ಬಿಸೋದು ಮರೆತ್ರೆ?" ಎಂದಳು.

"ನಾನು ಬಾಗಿಲಲ್ಲೇ ನಿಂತಿರ್ತೀನಿ. ಜ್ಞಾಪಿಸ್ತೀನಿ."

ಬುಧವಾರ ಅಕ್ಕನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಭಾವ ಆ ಬಾಗಿಲ ಮುಂದೆ ನಿಂತರು. ಒಂದು ಗಂಟೆಯಾಯಿತು, ಎರಡಾಯಿತು. ನಾನು ಕುರ್ಚಿ ತೋರಿಸಿದೆ, ಕೂರಲಿಲ್ಲ. ಕಾಫಿ ತಂದೆ, ಮುಟ್ಟಲಿಲ್ಲ. ಯಾರಾದರೂ ಹೊರಬಂದರೆ, "ಎಬ್ಬಿಸಿದ್ರಾ?" ಎಂದು ಕೇಳುವರು. ಕಸ ತೆಗೆದುಕೊಂಡು ಹೋಗುವ ಹೆಂಗಸನ್ನೂ ಬಿಡಲಿಲ್ಲ. ಮೂರನೇ ಗಂಟೆ ದಾಟಿದಾಗ ನನಗೂ ಕೂರಲಾಗಲಿಲ್ಲ, ಎದ್ದು ಅವರ ಪಕ್ಕ ನಿಂತೆ. ಅಷ್ಟು ವರ್ಷ ನಗುತ್ತಿದ್ದ ನಾನೂ ಹೊರಬಂದವರನ್ನೆಲ್ಲ, "ಎಬ್ಬಿಸಿದ್ರಾ?" ಎಂದು ಕೇಳತೊಡಗಿದೆ.

ಕೊನೆಗೆ ಬಾಗಿಲು ತೆರೆಯಿತು. ನರ್ಸು ಸುತ್ತ ನೋಡಿ, ನೇರ ಭಾವನ ಬಳಿ ಬಂದರು.

"ಎದ್ರು ಸಾರ್. ಮಾತು ಇನ್ನೂ ಸರಿಯಾಗಿ ಬರ್ತಿಲ್ಲ. ಆದ್ರೂ ಕಣ್ಣು ಬಿಟ್ಟಾಗ್ಲಿಂದ ಒಂದೇ ಹೇಳ್ತಿದಾರೆ. ಹೊರಗಡೆ ನಮ್ಮನೆಯವರು ನಿಂತೇ ಇರ್ತಾರೆ, ಹೋಗಿ ಕೂತ್ಕೊಳ್ಳೋಕೆ ಹೇಳಿ ಅಂತ."

ಕುರ್ಚಿ ಎರಡೇ ಹೆಜ್ಜೆ ದೂರದಲ್ಲಿತ್ತು. ಭಾವ ಅಲ್ಲಿಗೆ ಹೋಗಲಿಲ್ಲ. ನಿಂತಲ್ಲೇ, ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.