ಹೊಟ್ಟೆ ಕರಗಿಸುವ ಸೂಜಿ

ಹೊಸ ವರ್ಷದೊಳಗೆ ನಲವತ್ತು ಪೌಂಡು ಇಳಿಸಿಯೇ ತೀರುತ್ತೇನೆಂದು ನಾನು ಶಪಥ ಮಾಡಿದೆ. ನಾನೆಂದರೆ ಓಹಾಯೋದ ಡೇಟನ್ ಊರಿನಲ್ಲಿ ಮೂವತ್ತೊಂದು ವರ್ಷದಿಂದ ಶಾಲಾ ಬಸ್ಸು ಓಡಿಸುತ್ತಿರುವ ಕ್ಲೈಡ್ ಹಚಿನ್ಸ್. ಸ್ಟಿಯರಿಂಗ್ ಹಿಡಿದವನಾದ್ದರಿಂದ ಅಕ್ಷರಶಃ ಚಕ್ರಾಧಿಪತಿ! ಈಚೆಗೆ ಆ ಚಕ್ರ ತಿರುಗಿಸಲು ನನ್ನ ಹೊಟ್ಟೆಯ ಅನುಮತಿ ಬೇಕಾಗುತ್ತಿತ್ತು. ತೂಕ, ಬಿಪಿ ಇಳಿಯದಿದ್ದರೆ ಬಸ್ಸಿನಿಂದ ನಾನೇ ಇಳಿಯಬೇಕಾಗುತ್ತದೆಂದು ತಪಾಸಣೆಯ ಡಾಕ್ಟರು ಎಚ್ಚರಿಸಿದ್ದರು.

ತೂಕ ಇಳಿಸುತ್ತದೆಂದು ಎಲ್ಲರ ಬಾಯಲ್ಲಿರುವ ಆ ದುಬಾರಿ ಸೂಜಿಮದ್ದಿಗೆ ವಿಮೆ ಕಂಪನಿ ಕೈಯೆತ್ತಿತು. ಆಗ ಅಂಥದ್ದೇ ಮದ್ದನ್ನು ತಾನೇ ಬೆರೆಸಿ ಕಳಿಸುವ ಔಷಧಾಲಯವೊಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಡಾಕ್ಟರಮ್ಮನೊಬ್ಬರು ವಿಡಿಯೋದಲ್ಲೇ ವಿಚಾರಿಸಿ ಚೀಟಿ ಬರೆದರು. ವಾರದೊಳಗೆ ಐಸು ತುಂಬಿದ ಪೆಟ್ಟಿಗೆಯಲ್ಲಿ ಪುಟ್ಟ ಸೀಸೆ, ಜೊತೆಗೆ ಸಿರಿಂಜುಗಳು ಬಂದವು. ಹೆಂಡತಿ ನಡೀನ್‌ಳನ್ನು ಬೆರಗುಗೊಳಿಸಬೇಕೆಂದು ಸೀಸೆಯನ್ನು ಫ್ರಿಜ್ಜಿನಲ್ಲಿ ಸಾಸಿವೆ ಬಾಟಲಿಯ ಹಿಂದೆ ಅಡಗಿಸಿಟ್ಟೆ.

ಚೀಟಿಯಲ್ಲಿ ‘ವಾರಕ್ಕೊಮ್ಮೆ ಐದು ಯೂನಿಟ್’ ಎಂದಿತ್ತು. ಸಿರಿಂಜಿನ ಮೇಲೆ ಇರುವೆ ಸಾಲಿನಂತೆ ಗೆರೆಗಳು. ಅನುಮಾನವಿದ್ದರೆ ಫೋನ್ ಮಾಡಿ ಎಂದು ನಂಬರನ್ನೂ ಕೊಟ್ಟಿದ್ದರು. ದಾರಿಯನ್ನೇ ಯಾರ ಹತ್ತಿರವೂ ಕೇಳದ ನಾನು ಗೆರೆಯನ್ನು ಕೇಳುತ್ತೇನೆಯೇ? ದೊಡ್ಡ ಗೆರೆಗಳನ್ನು ಎಣಿಸಿ, ಐದನೆಯದರವರೆಗೆ ಎಳೆದು, ಹೊಟ್ಟೆಗೆ ಚುಚ್ಚಿಕೊಂಡೆ.

ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಗು. ಮಧ್ಯಾಹ್ನ ಅತ್ತೆ ಬ್ಯೂಲಾ ಅವರ ಮನೆಯಲ್ಲಿ ಊಟ. ಎಂಬತ್ತೊಂದರ ಆ ಮುದುಕಿ ಎರಡು ದಿನ ನಿಂತು ಟರ್ಕಿ ಕೋಳಿ, ಸಿಹಿಗೆಣಸು, ಮೂರು ಬಗೆಯ ಪೈ ಮಾಡಿದ್ದರು. ನನಗೋ ವಾಸನೆಗೇ ಹೊಟ್ಟೆಯೊಳಗೆ ಬಸ್ಸು ರಿವರ್ಸ್ ಗೇರಿಗೆ ಬಿತ್ತು. ಅತ್ತೆ ತಟ್ಟೆಗೆ ಬಡಿಸಿದರು. ನಾನು ಬಚ್ಚಲಿಗೆ ಓಡಿದೆ. ಮರಳಿ ಬಂದೆ, ಅವರು ಗ್ರೇವಿ ಸುರಿದರು, ಮತ್ತೆ ಓಡಿದೆ. ನಾಲ್ಕನೆಯ ಸಲಕ್ಕೆ ಅತ್ತೆಯ ಕಣ್ಣು ತುಂಬಿತ್ತು. ತಮ್ಮ ಕೈರುಚಿ ಕೆಟ್ಟುಹೋಯಿತೇ ಎಂದು ಮಗಳನ್ನು ಮೆಲ್ಲಗೆ ಕೇಳುತ್ತಿದ್ದರು.

ಬಚ್ಚಲ ನೆಲದ ಮೇಲೆ ಬೆವರುತ್ತ ಬಿದ್ದಿದ್ದ ನನ್ನನ್ನು ಕಂಡು ನಡೀನ್ ಹೃದಯಾಘಾತವೆಂದೇ ತಿಳಿದಳು. ಅವಳ ಮುಖ ಬಿಳಿಚಿದ್ದನ್ನು ನೋಡಲಾಗದೆ ಎಲ್ಲ ಒಪ್ಪಿಕೊಂಡೆ. ಅವಳು ತಕ್ಷಣ ವಿಷ ಸಹಾಯವಾಣಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಸಮಾಧಾನದಿಂದ ಕೇಳಿ, ದೊಡ್ಡ ಗೆರೆಯೊಂದಕ್ಕೆ ಹತ್ತು ಯೂನಿಟ್ ಎಂದು ತಿಳಿಸಿದರು.

ನಡೀನ್ ಫೋನಿಟ್ಟು ನನ್ನನ್ನೇ ನೋಡಿದಳು. “ಹತ್ತು ವಾರದ ಮದ್ದನ್ನ ಒಂದೇ ಸಲ ಚುಚ್ಕೊಂಡಿದ್ದೀಯ, ಕ್ಲೈಡ್. ನಂಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?”

“ತೆಳ್ಳಗಾದ ಮೇಲೆ ಹೇಳೋಣ ಅಂತಿದ್ದೆ.”

“ಇನ್ನೇನು, ಹೆಣವಾದ ಮೇಲೆ ಹೇಳ್ತಿದ್ದೆ,” ಎಂದವಳು ಕಾರಿನ ಕೀಲಿ ತೆಗೆದುಕೊಂಡಳು.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಬಾಟಲಿ ಬಾಟಲಿ ಉಪ್ಪುನೀರು ಏರಿಸಿದರು. ಅಪಾಯ ದಾಟಿತು. ಒಂದು ತುತ್ತೂ ಒಳಗೆ ಹೋಗಿರಲಿಲ್ಲ. ಹತ್ತು ಪೌಂಡಾದರೂ ಕರಗಿರುತ್ತದೆಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಮನೆಗೆ ಕಳಿಸುವ ಮುನ್ನ ನರ್ಸ್ ತೂಕ ನೋಡಿದಳು. ಸೇರಿದ ದಿನಕ್ಕಿಂತ ಮೂರು ಪೌಂಡು ಜಾಸ್ತಿ! ನೀರಿನ ತೂಕ, ಇಳಿಯುತ್ತದೆ ಬಿಡಿ ಎಂದಳು.

ಕರೆದೊಯ್ಯಲು ಮಗಳ ಜೊತೆ ಬಂದಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡು ಆ ಅಂಕಿಯನ್ನೇ ದಿಟ್ಟಿಸಿದರು.

“ಅಲ್ಲಪ್ಪ, ನಾನು ಮೂರು ಥರದ ಪೈ ಮಾಡಿಟ್ಟೆ, ಮುಟ್ಟಲಿಲ್ಲ. ಇಲ್ಲಿಯ ಉಪ್ಪುನೀರು ಮಾತ್ರ ಮೈಗೆ ಹತ್ತಿಬಿಡ್ತಲ್ಲ.”