ಶಿವಯೋಗಪ್ಪನ ಕುಂಭಕ

ಆಷಾಢ ಹುಟ್ಟಿತೆಂದರೆ ದಾವಣಗೆರೆಯ ಶಿವಯೋಗಪ್ಪನ ಮುಖ ಇಳಿಯುತ್ತಿತ್ತು. ಬಿಸಿಲು ಕಾಣದೆ, ಮಳೆಯೂ ನೆಟ್ಟಗೆ ಸುರಿಯದೆ, ಜಿಟಿಜಿಟಿ ಹನಿಯುವ ಆ ತಿಂಗಳು ಅವನಿಗೆ ಊಟ ರುಚಿಸುತ್ತಿರಲಿಲ್ಲ, ಮಾತು ಬೇಕಾಗುತ್ತಿರಲಿಲ್ಲ. ಮನೆಯಲ್ಲಾದರೆ ಹೆಂಡತಿ ಕಸ್ತೂರಮ್ಮ ಸಹಿಸಿಕೊಂಡಾಳು. ಆದರೆ ಅವನ ಕೆಲಸ ಕೊಟ್ಟೂರಪ್ಪ ಸಾಹುಕಾರರ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವುದು. ಕನ್ನಡ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ, ಮಗಳ ಮದುವೆಯ ಜವಳಿಗೆಂದು ಆನಗೋಡಿನಿಂದ ಬಂದ ಗಿರಾಕಿಗೆ ಜರಿ ಸೀರೆ ತೋರಿಸಿ, ತಗೊಂಡರೂ ಒಂದಿನ ಹರಿಯೋದೇ ಅಲ್ಲವೇ ಎಂದು ನಿಟ್ಟುಸಿರು ಬಿಟ್ಟ. ಗಿರಾಕಿ ಎದ್ದು ಎದುರಿನ ಅಂಗಡಿಗೆ ಹೋದರು.

ಸಾಹುಕಾರರು ಶ್ರಾವಣಕ್ಕೆ ಹರಿಹರದಲ್ಲೊಂದು ಹೊಸ ಅಂಗಡಿ ತೆರೆಯುವವರಿದ್ದರು. ಅಲ್ಲಿನ ಗಾದಿಯ ಮೇಲೆ ಯಾರನ್ನು ಕೂರಿಸುವುದೆಂದು ಬಾಯಿ ಬಿಟ್ಟಿರಲಿಲ್ಲ. ಮೀಸೆ ಚಿಗುರಿದಾಗಿನಿಂದ ಅವರಲ್ಲಿ ದುಡಿದ ಶಿವಯೋಗಪ್ಪನ ಜೀವವೆಲ್ಲ ಆ ಗಾದಿಯ ಮೇಲಿತ್ತು.

"ಸೋಮವಾರ ನಗ್ತಾ ಬಂದ್ರೆ ಗಾದಿ ಮಾತು ಆಡೋಣ. ಈ ಮುಖ ಹೊತ್ಕಂಡು ಬರಾದಾದ್ರೆ ಬರಾದೇ ಬ್ಯಾಡ," ಎಂದರು ಸಾಹುಕಾರರು.

ಶಿವಯೋಗಪ್ಪ ಭಾಮೈದ ಹಾಲೇಶಪ್ಪನನ್ನು ಕರೆದುಕೊಂಡು ಹರಿಹರಕ್ಕೆ ಹೋದ. ಹೊಳೆಯ ದಂಡೆಯಲ್ಲಿ, ಮನಸ್ಸಿನ ಮಂಕು ಬಿಡಿಸುತ್ತಾರೆಂದು ಹೆಸರಾದ ಒಬ್ಬ ಯೋಗದ ಮಾಸ್ತರರಿದ್ದರು. ಈ ಹಾಲೇಶಪ್ಪ ಕಸ್ತೂರಮ್ಮನ ತಮ್ಮ. ಕೆಲಸ ಹುಡುಕುತ್ತೇನೆಂದು ಅಕ್ಕನ ಮನೆ ಸೇರಿ ಎರಡು ದೀಪಾವಳಿ ಕಳೆದಿದ್ದವು. ಹುಡುಕುವುದರಲ್ಲಿ ಅವನು ಆತುರದವನಲ್ಲ.

ಮಂಕು ಮೋಡದ್ದಲ್ಲ, ಪ್ರಾಣಶಕ್ತಿ ಹೊಟ್ಟೆಯಲ್ಲೇ ಸಿಕ್ಕಿಕೊಂಡಿದೆ, ಅದನ್ನು ಮೇಲೆತ್ತಬೇಕು ಎಂದರು ಮಾಸ್ತರರು. ಉಸಿರನ್ನು ಎಳೆದುಕೊಳ್ಳಬೇಕು, ಒಳಗೆ ಹಿಡಿದಿಡಬೇಕು, ಅದಕ್ಕೇ ಕುಂಭಕ ಎನ್ನುವುದು, ಆಮೇಲೆ ಮುಂದಿಟ್ಟ ದೀಪ ಅಲುಗದ ಹಾಗೆ ಬಿಡಬೇಕು. ಬೆನ್ನು ಗೂಟದಂತಿರಬೇಕು. ಮನಸ್ಸಿಗೆ ಬೆಳಕು ಬೀಳುವ ತನಕ ಆಕಾಶ ಕಳಚಿಬಿದ್ದರೂ ಕಣ್ಣು ತೆರೆಯಕೂಡದು. ತೆರೆದರೆ ಏರಿದ ಪ್ರಾಣ ದಬಕ್ಕನೆ ಇಳಿದು ಮಂಕು ಇಮ್ಮಡಿಯಾಗುತ್ತದೆ. ಶಿವಯೋಗಪ್ಪನಿಗೆ ಮರಳುವ ದಾರಿಯಲ್ಲೇ ಅರ್ಧ ಗುಣವಾದಂತಾಯಿತು.

ಭಾನುವಾರ ಕಸ್ತೂರಮ್ಮ ಮಲೆಬೆನ್ನೂರಿನ ತವರಿಗೆ ಹೋಗಿದ್ದಳು. ಅವನು ಮಿಂದು, ವಿಭೂತಿ ಧರಿಸಿ, ಪಡಸಾಲೆಯ ಗೋಡೆಗೊರಗಿ ಪದ್ಮಾಸನ ಹಾಕಿದ. ಬೆನ್ನು ಮಾತ್ರ ನಿಲ್ಲಲೊಲ್ಲದು. ಹಾಲೇಶಪ್ಪ ಬಿಳಿ ಪಂಚೆಯೊಂದನ್ನು ಭಾವನ ಕಂಕುಳ ಕೆಳಗಿಂದ ಹಾಯಿಸಿ ಗೋಡೆಯ ಗೂಟಕ್ಕೆ ಬಿಗಿದು ಕಟ್ಟಿ, ದೋಸೆ ತಿನ್ನಲು ಹೋದ.

ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಆನಿಸಿ, ಬೀಳದಂತೆ ಬಟ್ಟೆಯಿಂದ ಕಟ್ಟಿ ಕೂರಿಸುತ್ತಾರೆ. ಇದು ಮಾಸ್ತರರಿಗೂ ಹೊಳೆದಿರಲಿಲ್ಲ, ಶಿವಯೋಗಪ್ಪನಿಗೂ ಹೊಳೆದಿರಲಿಲ್ಲ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಅಕ್ಕನಾಗಮ್ಮನಿಗೆ ಮಾತ್ರ ಬಾಗಿಲಲ್ಲೇ ಹೊಳೆಯಿತು. ಕರೆದಳು, ಉತ್ತರವಿಲ್ಲ. ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯಿಂದ ಒಂದೆಳೆ ಕಿತ್ತು ಮೂಗಿನ ಕೆಳಗೆ ಹಿಡಿದಳು. ಶಿವಯೋಗಪ್ಪ ಆಗ ತುಂಬು ಕುಂಭಕದಲ್ಲಿದ್ದ. ಹತ್ತಿ ಅಲುಗಲಿಲ್ಲ. ಅಕ್ಕನಾಗಮ್ಮನ ಬಟ್ಟಲು ಉರುಳಿ ಬೀದಿಯವರೆಗೂ ಹೋಯಿತು.

ಬಟ್ಟಲಿನ ಹಿಂದೆಯೇ ಸುದ್ದಿಯೂ ಹೋಯಿತು. ಯಾರೋ ಸಾಹುಕಾರರಿಗೆ ಹೇಳಲು ಓಡಿದರು, ಯಾರೋ ಹಾರ ಹಾಕಿದರು, ಊದುಬತ್ತಿ ಹಚ್ಚಿದರು. ಭಜನೆಯವರು ತಾಳ ಹಿಡಿದು ಕೂತರು. ಬೆಳಿಗ್ಗೆ ಕೊನೆಯ ಗುಟುಕು ನೀರನ್ನು ತಾನೇ ಕುಡಿಸಿದೆನೆಂದು ಅಕ್ಕನಾಗಮ್ಮ ಬಂದವರಿಗೆಲ್ಲ ಹೇಳಿದಳು. ಶಿವಯೋಗಪ್ಪನಿಗೆ ಎಲ್ಲ ಕೇಳುತ್ತಿತ್ತು. ಆದರೆ ಪ್ರಾಣ ಆಗಷ್ಟೇ ಎದೆಗೆ ಬಂದಿತ್ತು. ಕಣ್ಣು ಬಿಟ್ಟು ಕೆಡಿಸಿಕೊಳ್ಳುವುದೇಕೆ, ಹಾಲೇಶ ಬಂದರೆ ತಿಳಿಸಿ ಹೇಳುತ್ತಾನೆ ಎಂದುಕೊಂಡ.

ಹಾಲೇಶ ಬಂದ. ಜನ ನೋಡಿದ, ಹಾರ ನೋಡಿದ, ಹೇಳಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಸಾಹುಕಾರರು ಜಟಕಾದಿಂದ ಇಳಿಯುತ್ತಿರುವುದು ಕಂಡಿತು. ತೆರೆದ ಬಾಯಿಯಿಂದ, "ನಮ್ಮಕ್ಕನ್ನ ಯಾರ ಕೈಗೆ ಒಪ್ಸಿ ಹೋದ್ರಿ ಭಾವಾ," ಎಂಬ ಗೋಳು ಹೊರಟಿತು. ಭಾವನ ಕಾಲ ಮೇಲೆ ಬಿದ್ದು ಅವನು ಅತ್ತ ಅಳು ಕಂಡು ಬೀದಿಯೇ ಕಣ್ಣೊರೆಸಿಕೊಂಡಿತು.

ಸಾಹುಕಾರರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದರು. "ಇಂಥಾ ನಿಯತ್ತಿನ ಮನುಷ್ಯ ಇನ್ನ ಸಿಗಲ್ಲ. ಹರಿಹರದ ಗಾದಿ ಇವನಿಗೇ ಅಂತ ಯಾವತ್ತೋ ಮನಸ್ನಾಗೆ ಮಾಡ್ಕಂಡಿದ್ದೆ."

ಆ ಕ್ಷಣ ಶಿವಯೋಗಪ್ಪನಿಗೆ ಬೆಳಕು ಬಿತ್ತು. ಮಾಸ್ತರರು ಹೇಳಿದ್ದಕ್ಕಿಂತ ಹೆಚ್ಚೇ ಬಿತ್ತು. ಎಷ್ಟೋ ಆಷಾಢಗಳ ಭಾರ ಇಳಿದು ಎದೆ ಹೂವಾಯಿತು. ಆಗಲೇ ಕಣ್ಣು ಬಿಡಬೇಕಿತ್ತು. ಆದರೆ ಬದುಕಿದ್ದಾಗ ಒಮ್ಮೆಯೂ ಕೇಳದ ಹೊಗಳಿಕೆ ಅದು, ಇನ್ನೊಂದು ಮಾತು ಕೇಳಿಯೇ ಏಳೋಣವೆಂದು ಮತ್ತೆ ಉಸಿರು ಕಟ್ಟಿದ.

ಸಾಹುಕಾರರು ಅವನ ನೆತ್ತಿಯ ಮೇಲೆ ಕೈಯಿಟ್ಟರು. "ಈ ಶರಣನ ಮುಂದೆ ಮಾತು ಕೊಡ್ತೀನಿ. ಹರಿಹರದ ಗಾದಿ ಇನ್ಮ್ಯಾಲೆ ಇವನ ಭಾಮೈದಂದು. ಕಸ್ತೂರಮ್ಮ ಯಾರ ಮುಂದೂ ಕೈ ಚಾಚಬಾರ್ದು." ಆಮೇಲೆ ಹಾಲೇಶಪ್ಪನನ್ನು ಎತ್ತಿ ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ನೋಡಿ, "ನಿಂಗೆ ಮದುವಿ ಆಗೈತೇನಪ?" ಎಂದು ಕೇಳಿದರು. ಸಾಹುಕಾರರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದದ್ದು ಬೀದಿಗೆಲ್ಲ ಗೊತ್ತಿತ್ತು.

"ಸಾಹುಕಾರ್ರೇ, ನಾನಿನ್ನ ಇದೀನ್ರಿ," ಎಂದಿತು ಹೆಣ.

ತಾಳ ನಿಂತಿತು. ಅರ್ಧ ಜನ ಮುಂಬಾಗಿಲಿಂದಲೂ, ಉಳಿದವರು ಹಿತ್ತಿಲಿಂದಲೂ ಹೊರಬಿದ್ದರು. ಎಲ್ಲರೂ ಮೆಲ್ಲಗೆ ತಿರುಗಿ ಬಂದ ಮೇಲೆ ಶಿವಯೋಗಪ್ಪ ಗೂಟದಿಂದ ಬಿಡಿಸಿಕೊಂಡು ಮುಖ ತುಂಬ ನಕ್ಕ. ಗುಣವಾಗಿದ್ದೇನೆ, ಗಾದಿ ಕೊಡಿ ಎಂದ.

ಸಾಹುಕಾರರು ಬೆವರು ಒರೆಸಿಕೊಂಡರು. ನಕ್ಕಿದ್ದನ್ನು ಒಪ್ಪಿದರು. ಆದರೆ ಹೆಣದ ಮುಂದೆ ಕೊಟ್ಟ ಮಾತು ತಪ್ಪಿದರೆ ತಮ್ಮ ಮನೆತನ ಉಳಿಯದೆಂದರು. ಹೆಣವೇ ಇರಲಿಲ್ಲವಲ್ಲ ಎಂದ ಶಿವಯೋಗಪ್ಪ. ಅದು ನಿನ್ನ ತಪ್ಪು, ಮಾತು ನನ್ನದು ಎಂದರು. ಬೀದಿಯ ಹಿರಿಯರೆಲ್ಲ ತಲೆಯಾಡಿಸಿದರು. ಹಾಗಾದರೆ ಹಳೆಯ ಕೆಲಸಕ್ಕೇ ನಾಳೆ ಬರುತ್ತೇನೆ ಎಂದ ಶಿವಯೋಗಪ್ಪ.

ಸಾಹುಕಾರರು ಅವನ ಕೊರಳ ಹಾರವನ್ನೇ ನೋಡಿದರು. "ಹೆಣದ ಹಾರ ಹಾಕ್ಕಂಡೋನ ಕೈಲಿ ಮದುವಿ ಸೀರಿ ಯಾರು ತಗೊಂತಾರಪ? ಊರೆಲ್ಲ ನೋಡೈತೆ."

ಸಂಜೆ ಮಲೆಬೆನ್ನೂರಿನ ಬಸ್ಸಿಳಿದ ಕಸ್ತೂರಮ್ಮನಿಗೆ ನಿಲ್ದಾಣದಲ್ಲೇ ಸಾವಿನ ಸುದ್ದಿ ಸಿಕ್ಕಿತು. ಎದೆ ಬಡಿದುಕೊಂಡು ಓಡಿ ಬಂದು, ಜಗಲಿಯ ಮೇಲೆ ಗಂಡ ಜೀವಂತ ಕೂತಿರುವುದನ್ನು ಕಂಡು, ಅವನ ಕೈ ಹಿಡಿದು ಅತ್ತಳು. ಆಮೇಲೆ ತಮ್ಮನಿಗೆ ಗಾದಿ ಸಿಕ್ಕ ಸುದ್ದಿ ಕೇಳಿ ಇನ್ನೊಮ್ಮೆ ಅತ್ತಳು. ಎರಡನೆಯ ಅಳು ತುಸು ಹೆಚ್ಚು ಹೊತ್ತು ನಡೆಯಿತು. ಅದು ಮುಗಿದ ಮೇಲೆ ಶಿವಯೋಗಪ್ಪ ತನ್ನ ಕೆಲಸ ಹೋದದ್ದನ್ನೂ, ಯಾವ ಮಾತಿಗೆ ತಾನು ಕಣ್ಣು ಬಿಟ್ಟೆನೆಂಬುದನ್ನೂ ಬಿಡಿಸಿ ಹೇಳಿದ.

ಕಸ್ತೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಲ್ರೀ, ಅಷ್ಟೊತ್ತು ಹಿಡಿದಿದ್ರಿ. ಇನ್ನೊಂದೀಟು ಉಸಿರು ಹಿಡಿದಿದ್ರೆ ನಮ್ಮ ಹಾಲೇಶನ ಮದುವಿನೂ ಗಟ್ಟಿ ಆಗ್ತಿತ್ತಲ್ಲ."